ಕೋಡ್ ಬರೆಯಲು ಬರುವುದಿಲ್ಲ, ಆದರೂ ಮೊದಲ ಆವೃತ್ತಿ ಬೇಗ ಹೊರಗೆ ತರಬೇಕು. ಎಲ್ಲಿಂದ ಶುರು ಮಾಡಲಿ?

ಲೆನ್ಸ್‌ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಕ್ಯಾಮೆರಾ, ಲೆನ್ಸ್, ಲೈಟ್‌ಗಳನ್ನು ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ತುಂಬಾ ವರ್ಷದಿಂದ ಇದ್ದೇನೆ. ಯಾವ ಸಾಮಾನು ಯಾರ ಹತ್ತಿರ ಇದೆ, ಯಾವತ್ತು ವಾಪಸ್ ಬರಬೇಕು, ಹೋಗುವಾಗ ಹೇಗಿತ್ತು, ಬಂದಾಗ ಹೇಗಿದೆ, ಇದೆಲ್ಲ ಈಗಲೂ ಒಂದು ನೋಟ್‌ಬುಕ್, ಒಂದು ಎಕ್ಸೆಲ್ ಹಾಳೆ ಮತ್ತು ವಾಟ್ಸಾಪ್ ಮೇಲೆ ನಡೆಯುತ್ತದೆ. ಸಣ್ಣ ಬಾಡಿಗೆಯವರಿಗೆ, ಅಂದರೆ ನನ್ನ ಥರ ಸಾಮಾನು ಬಾಡಿಗೆಗೆ ಕೊಡುವವರಿಗೆ ಅಂತಲೇ ಒಂದು ಸಾಫ್ಟ್‌ವೇರ್ ಮಾಡಬೇಕು ಅಂತ ಆಸೆ. ಕೆಲಸ ಗೊತ್ತು, ಜನ ಗೊತ್ತು. ಕೋಡ್ ಮಾತ್ರ ಗೊತ್ತಿಲ್ಲ.

ಬೇಕಾದದ್ದೆಲ್ಲ ಪಟ್ಟಿ ಮಾಡಿದೆ. ಬುಕಿಂಗ್ ಕ್ಯಾಲೆಂಡರ್, ಗ್ರಾಹಕರಿಗೆ ಲಾಗಿನ್, ಆನ್‌ಲೈನ್ ಪಾವತಿ, ಡೆಪಾಸಿಟ್ ಲೆಕ್ಕ, ಡ್ಯಾಮೇಜ್ ದಾಖಲೆ, ಸಿಬ್ಬಂದಿ ಹಾಜರಿ, ತಿಂಗಳ ವರದಿ, ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್. ಒಂದು ಸಾಫ್ಟ್‌ವೇರ್ ಕಂಪನಿಗೆ ತೋರಿಸಿದಾಗ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು. ಅವರು ಹೇಳಿದ ಮೊತ್ತ ನನ್ನ ಉಳಿತಾಯದ ಹೆಚ್ಚಿನ ಪಾಲನ್ನು ತಿಂದುಹಾಕುತ್ತದೆ. ಕೆಲವರು ಟೆಕ್ನಿಕಲ್ ಪಾರ್ಟ್ನರ್ ಹುಡುಕು ಅನ್ನುತ್ತಾರೆ, ಕೆಲವರು ನೋ-ಕೋಡ್ (ಕೋಡ್ ಬರೆಯದೆ ಆ್ಯಪ್ ಕಟ್ಟುವ ಟೂಲ್) ಅನ್ನುತ್ತಾರೆ, ಇನ್ನು ಕೆಲವರು ಈಗ ಎಐ ಎಲ್ಲ ಬರೆದುಕೊಡುತ್ತದೆ, ಯಾರೂ ಬೇಡ ಅನ್ನುತ್ತಾರೆ. ನಿಜವಾಗಿ ಮಾಡಿ ನೋಡಿದವರು ಹೇಳಿ, ದಯವಿಟ್ಟು.

ಹಳೇಕೋಡು

ಪಾರ್ಟ್ನರ್, ನೋ-ಕೋಡ್, ಎಐ, ಈ ಪ್ರಶ್ನೆಗಳನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ. ಅವು ಎರಡನೇ ಪ್ರಶ್ನೆಗಳು.

ನಾನು ಸಾಫ್ಟ್‌ವೇರ್ ಬರೆದೇ ಬದುಕುವವನು. ನಿಮ್ಮ ಪಟ್ಟಿ ನೋಡಿದರೆ ನನಗೆ ಕಾಣುವುದು ಒಂದು ಸಾಫ್ಟ್‌ವೇರ್ ಅಲ್ಲ, ಐದಾರು ಸಾಫ್ಟ್‌ವೇರ್. ಹಾಜರಿ ಒಂದು, ಲೆಕ್ಕ ಒಂದು, ಬುಕಿಂಗ್ ಒಂದು. ಇವೆಲ್ಲ ಬೇರೆಯವರು ಈಗಾಗಲೇ ಮಾಡಿಟ್ಟಿದ್ದಾರೆ. ಬಾಡಿಗೆ ವ್ಯವಹಾರಕ್ಕೇ ರೆಂಟ್‌ಮನ್, ಬುಕಬಲ್ ಥರದವು ಇವೆ. ನಿಮಗೆ ಗೊತ್ತಿರುವ ಸಣ್ಣ ಬಾಡಿಗೆಯವರು ಅವನ್ನು ಯಾಕೆ ಬಳಸುತ್ತಿಲ್ಲ? ಹಣ ಜಾಸ್ತಿ ಅಂತಲಾ, ಕಲಿಯುವುದು ಕಷ್ಟ ಅಂತಲಾ, ಅಥವಾ ಅವರಿಗೆ ನೋಯುವ ಜಾಗಕ್ಕೆ ಅದು ಔಷಧವೇ ಅಲ್ಲ ಅಂತಲಾ? ಇದಕ್ಕೆ ಉತ್ತರ ಸಿಗುವವರೆಗೆ ಯಾರಿಗೂ ಒಂದು ಪೈಸೆ ಕೊಡಬೇಡಿ.

ಕೇಳುವ ರೀತಿಯೂ ಮುಖ್ಯ. "ಇಂಥದ್ದೊಂದು ಬಂದರೆ ಬಳಸುತ್ತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಲ್ಲೂ ಪರಿಚಯದವರು. ಅದು ಸುಮ್ನೆ ಮರ್ಯಾದೆಗೆ ಹೇಳುವ ಹೂಂ. ಅದರ ಬದಲು ಹಿಂದೆ ಆದದ್ದನ್ನು ಕೇಳಿ. ಕಳೆದ ಸಲ ಎಲ್ಲಿ ಎಡವಟ್ಟಾಯಿತು? ಆವತ್ತು ಏನು ಮಾಡಿದಿರಿ? ಯಾರ ಜೇಬಿನಿಂದ ದುಡ್ಡು ಹೋಯಿತು? ಜನ ತಮಗೆ ಆದದ್ದನ್ನು ಹೇಳುವಾಗ ಸುಳ್ಳು ಕಡಿಮೆ, ಮುಂದೆ ಮಾಡುವುದನ್ನು ಹೇಳುವಾಗ ಭರವಸೆ ಜಾಸ್ತಿ.

ಲೆನ್ಸ್‌ಪೆಟ್ಟಿಗೆ

ಥ್ಯಾಂಕ್ಸ್ ಸರ್. ನೀವು ಹೇಳಿದ ಹಾಗೆ ಪರಿಚಯದ ಬಾಡಿಗೆಯವರನ್ನು ಕೇಳಿದೆ. ಬುಕಿಂಗ್ ಬಗ್ಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಹೆಚ್ಚಿನವರು ಸಿಟ್ಟಿನಿಂದ ಹೇಳಿದ್ದು ವಾಪಸ್ ಬರುವ ಹೊತ್ತಿನ ಜಗಳ.

ಉದಾಹರಣೆಗೆ ಒಬ್ಬರು ಹೇಳಿದ್ದು. ಲೆನ್ಸ್ ವಾಪಸ್ ಬಂತು, ಮುಂದಿನ ಗಾಜಿನ ಅಂಚಿನಲ್ಲಿ ಸಣ್ಣ ಗೀರು. ಗ್ರಾಹಕ "ಇದು ಮೊದಲೇ ಇತ್ತು" ಅಂದ. ನೋಟ್‌ಬುಕ್ಕಿನಲ್ಲಿ "ಸರಿ ಇದೆ" ಅಂತ ಬರೆದಿದೆ, ಸಹಿಯೂ ಇದೆ. ಹುಡುಗ ಕೊಡುವಾಗ ಫೋಟೋ ತೆಗೆದಿದ್ದ, ಆದರೆ ಅದು ಅವನ ಸ್ವಂತ ಫೋನಿನಲ್ಲಿ ಸಾವಿರಾರು ಫೋಟೋಗಳ ನಡುವೆ. ಹುಡುಕಿ ತೆಗೆದರೂ ಅದೇ ಮಾಡೆಲ್‌ನ ಎರಡು ಲೆನ್ಸ್ ಇವೆ, ಫೋಟೋದಲ್ಲಿ ಸೀರಿಯಲ್ ನಂಬರ್ ಕಾಣುತ್ತಿಲ್ಲ. ಕೊನೆಗೆ ಡೆಪಾಸಿಟ್ ಪೂರ್ತಿ ವಾಪಸ್ ಕೊಟ್ಟರು. ಆ ಗ್ರಾಹಕನೂ ಮತ್ತೆ ಬರಲಿಲ್ಲ.

ಈ ಥರದ್ದು ಎಲ್ಲರ ಹತ್ತಿರವೂ ಒಂದಾದರೂ ಇದೆ.

ಟೇಬಲ್‌ಸಾಲು

ನಿಮ್ಮ ಮೊದಲ ಆವೃತ್ತಿ ಇಲ್ಲೇ ಇದೆಯಲ್ಲ! ಕೊಡುವಾಗ ಫೋಟೋ, ವಾಪಸ್ ಬಂದಾಗ ಫೋಟೋ, ಎರಡೂ ಆ ವಸ್ತುವಿನ ಹೆಸರಿಗೆ, ಎರಡೂ ಗ್ರಾಹಕರ ಕೈಗೂ ಆ ಕ್ಷಣವೇ. ಕ್ಯಾಲೆಂಡರ್ ಬೇಡ, ಪಾವತಿ ಬೇಡ, ಲಾಗಿನ್ ಬೇಡ.

ಇದಕ್ಕೆ ಕೋಡ್ ಬೇಡವೇ ಬೇಡ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಇದು ನನಗೆ ಇಷ್ಟದ ಕೆಲಸ.

ಒಂದು ಆನ್‌ಲೈನ್ ಫಾರ್ಮ್ ಮಾಡಿ. ವಸ್ತುವಿನ ನಂಬರ್, ಹೋಗುತ್ತಿದೆಯಾ ಬರುತ್ತಿದೆಯಾ, ಗ್ರಾಹಕರ ಇಮೇಲ್, ನಾಲ್ಕು ಫೋಟೋ: ಮುಂದಿನ ಗಾಜು, ಹಿಂದಿನ ಗಾಜು, ಮೌಂಟ್ (ಲೆನ್ಸ್ ಕ್ಯಾಮೆರಾಗೆ ಸೇರುವ ಜಾಗ), ಸೀರಿಯಲ್ ನಂಬರ್. ತುಂಬಿದ್ದೆಲ್ಲ ನಿಮ್ಮ ಹತ್ತಿರ ಒಂದು ಹಾಳೆಯಲ್ಲಿ ಸಾಲಾಗಿ ಸೇರುತ್ತದೆ. ಅಷ್ಟೇ. ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ತೊಡಕಿದೆ, ಫೈಲ್ ಹಾಕಬೇಕಾದರೆ ತುಂಬುವವರು ಗೂಗಲ್ ಖಾತೆಗೆ ಸೈನ್ ಇನ್ ಆಗಿರಲೇಬೇಕು. ನಿಮ್ಮ ಸಿಬ್ಬಂದಿ ತುಂಬುವುದಾದರೆ ತೊಂದರೆ ಇಲ್ಲ, ಗ್ರಾಹಕರೇ ತುಂಬುವುದಾದರೆ ಅಲ್ಲೇ ನಿಂತುಬಿಡುತ್ತಾರೆ. ಟ್ಯಾಲಿ (ಲೆಕ್ಕದ ಟ್ಯಾಲಿ ಅಲ್ಲ, ಫಾರ್ಮ್ ಮಾಡುವ ಸೇವೆ) ಅಥವಾ ಏರ್‌ಟೇಬಲ್ (ಆನ್‌ಲೈನ್ ಹಾಳೆಯ ಸೇವೆ) ಫಾರ್ಮ್‌ಗಳಲ್ಲಿ ಈ ಕಟ್ಟು ಇಲ್ಲ.

ಈಗ ಮುಖ್ಯವಾದ ಸಂಗತಿ. ಕೌಂಟರ್‌ನಲ್ಲಿ ಜನ ಕಾಯುತ್ತಿರುವಾಗ ಯಾರೂ ವಸ್ತುವಿನ ನಂಬರ್ ಟೈಪ್ ಮಾಡುವುದಿಲ್ಲ. ಮಾಡಿದರೂ ತಪ್ಪು ಹೊಡೆಯುತ್ತಾರೆ. ಹಾಗಾಗಿ ಪ್ರತಿ ಪೆಟ್ಟಿಗೆಯ ಮೇಲೆ ಒಂದು ಕ್ಯುಆರ್ ಸ್ಟಿಕ್ಕರ್ ಅಂಟಿಸಿ. ಫಾರ್ಮ್‌ಗಳಲ್ಲಿ ಮೊದಲೇ ತುಂಬಿದ ಉತ್ತರ ಇರುವ ಲಿಂಕ್ ಮಾಡಿಕೊಳ್ಳಬಹುದು. ಗೂಗಲ್ ಫಾರ್ಮ್ಸ್‌ನಲ್ಲೂ ಇದೆ, ಬೇರೆ ಕಡೆಯೂ ಇದೆ. ಆ ಲಿಂಕನ್ನೇ ಕ್ಯುಆರ್ ಮಾಡಿ. ಹುಡುಗ ಫೋನ್ ಹಿಡಿದರೆ ಫಾರ್ಮ್ ತೆರೆಯುತ್ತದೆ, "ಲೆನ್ಸ್ 17" ಅಂತ ಆಗಲೇ ತುಂಬಿರುತ್ತದೆ. ಉಳಿದದ್ದು ನಾಲ್ಕು ಫೋಟೋ.

ಫಾರ್ಮ್ ಬಂದ ತಕ್ಷಣ ಗ್ರಾಹಕರಿಗೆ ಮೇಲ್ ಹೋಗಲು ಜಾಪಿಯರ್ ಅಥವಾ ಮೇಕ್ (ಒಂದು ಸೇವೆಯಿಂದ ಇನ್ನೊಂದಕ್ಕೆ ಕೆಲಸವನ್ನು ತಾನಾಗಿ ದಾಟಿಸುವ ಸೇವೆಗಳು) ಸಾಕು. ಇನ್ನೊಂದು ಎಚ್ಚರಿಕೆ ಇದೆ. ಏರ್‌ಟೇಬಲ್ ತನ್ನ ಎಪಿಐ (ಬೇರೆ ಸಾಫ್ಟ್‌ವೇರ್‌ಗೆ ಡೇಟಾ ಕೊಡುವ ದಾರಿ) ಮೂಲಕ ಕೊಡುವ ಫೋಟೋ ಲಿಂಕ್‌ಗಳು ಕೆಲವು ಗಂಟೆಯಲ್ಲಿ ಸತ್ತುಹೋಗುತ್ತವೆ. ಆ ಲಿಂಕನ್ನು ಮೇಲ್‌ನಲ್ಲಿ ಹಾಕಿದರೆ ಆ ಹೊತ್ತಿಗೆ ತೆರೆಯುತ್ತದೆ, ಜಗಳ ಆಗುವ ದಿನ ತೆರೆಯುವುದಿಲ್ಲ. ಫೋಟೋವನ್ನೇ ಮೇಲ್‌ಗೆ ಅಟ್ಯಾಚ್ ಮಾಡಿ. ಡ್ರೈವ್ ಫೋಲ್ಡರ್ ಶೇರ್ ಮಾಡುತ್ತೇನೆ ಅಂತ ಹೋಗಬೇಡಿ, ಪೂರ್ತಿ ಫೋಲ್ಡರ್ ಕೊಟ್ಟರೆ ಒಬ್ಬ ಗ್ರಾಹಕನಿಗೆ ಉಳಿದವರ ಸಾಮಾನಿನ ಫೋಟೋ ಎಲ್ಲ ಕಾಣುತ್ತದೆ.

ರಾತ್ರಿಪಾಳಿ

@ಟೇಬಲ್‌ಸಾಲು ಚೆನ್ನಾಗಿ ಹೇಳಿದಿರಿ. ಜಾಪಿಯರ್ ಕೂಡ ಮೊದಲ ದಿನವೇ ಬೇಡ ಅಂತ ನನ್ನ ಅಭಿಪ್ರಾಯ. ಫಾರ್ಮ್ ಬಂದರೆ ನಿಮಗೆ ಒಂದು ನೋಟಿಫಿಕೇಶನ್ ಬರಲಿ, ಮೇಲನ್ನು ನೀವೇ ಕೂತು ಕಳಿಸಿ. ಬಳಸುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ಪ್ರತಿಯೊಂದು ಮೇಲ್‌ನಲ್ಲೂ ಏನಾದರೂ ಗೊತ್ತಾಗುತ್ತದೆ: ಯಾರು ಮಸುಕು ಫೋಟೋ ಹಾಕುತ್ತಾರೆ, ಯಾರು ಇಮೇಲ್ ಬದಲು ಫೋನ್ ನಂಬರ್ ಬರೆಯುತ್ತಾರೆ, ಯಾವ ಗ್ರಾಹಕರು ಉತ್ತರ ಬರೆದು "ಗೀರು ಈಗಲೇ ಇದೆ ನೋಡಿ" ಅಂತ ಹೇಳುತ್ತಾರೆ. ಈ ಕೊನೆಯದು ಸಿಕ್ಕರೆ ಚಿನ್ನ. ಗ್ರಾಹಕರಿಗೂ ಇದು ಬೇಕಿದೆ ಅಂತ ಅರ್ಥ.

ನೇರಮಾತು

ಕೈಯಿಂದ ಮಾಡುವುದು ಕೀಳು ಅಂತ ತುಂಬಾ ಜನರಿಗೆ ಅನಿಸುತ್ತದೆ, "ಇದು ನಿಜವಾದ ಪ್ರಾಡಕ್ಟ್ ಅಲ್ಲ" ಅಂತ. ಅದಕ್ಕೆ ನಡೆದದ್ದನ್ನೇ ಹೇಳುತ್ತೇನೆ.

1999ರಲ್ಲಿ ಆನ್‌ಲೈನ್‌ನಲ್ಲಿ ಶೂ ಮಾರುವ ಜಾಪೋಸ್ ಶುರುವಾದಾಗ ಸ್ಥಾಪಕ ನಿಕ್ ಸ್ವಿನ್‌ಮರ್ನ್ ಹತ್ತಿರ ಗೋದಾಮೇ ಇರಲಿಲ್ಲ. ಶೂ ಅಂಗಡಿಗಳಿಗೆ ಹೋಗಿ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಕೊಂಡು ಕಳಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ ಉತ್ತರ, ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅಂತ. 2008ರಲ್ಲಿ ರಿಯಾಯಿತಿ ಕೂಪನ್ ಮಾರುವ ಗ್ರೂಪಾನ್ ಒಂದು ವರ್ಡ್‌ಪ್ರೆಸ್ ಬ್ಲಾಗ್ ಆಗಿತ್ತು, ಕೂಪನ್‌ಗಳು ಮೇಲ್‌ನಲ್ಲಿ ಹೋಗುವ ಪಿಡಿಎಫ್ ಆಗಿದ್ದವು. 2013ರ ಜನವರಿಯಲ್ಲಿ ಊಟ ಮನೆಗೆ ತಲುಪಿಸುವ ಡೋರ್‌ಡ್ಯಾಶ್ ಶುರುವಾದದ್ದು ಒಂದು ಮಧ್ಯಾಹ್ನದಲ್ಲಿ ಮಾಡಿದ ಪುಟದಿಂದ. ಹೋಟೆಲುಗಳ ಮೆನು ಪಿಡಿಎಫ್, ಒಂದು ಫೋನ್ ನಂಬರ್. ಕರೆ ಬಂದರೆ ಸ್ಥಾಪಕರೇ ಎತ್ತುತ್ತಿದ್ದರು, ಅವರೇ ಹೋಗಿ ಕೊಟ್ಟು ಬರುತ್ತಿದ್ದರು, ಆರ್ಡರ್ ಲೆಕ್ಕ ಗೂಗಲ್ ಡಾಕ್ಸ್‌ನಲ್ಲಿ.

ಸಣ್ಣಅಕ್ಷರ

@ನೇರಮಾತು ಈ ಕಥೆಗಳನ್ನು ಹೇಳುವಾಗ ಒಂದು ಮಾತು ಬಿಟ್ಟುಹೋಗುತ್ತದೆ. ಡೋರ್‌ಡ್ಯಾಶ್ ಸ್ಥಾಪಕರಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು ಇದ್ದರು. ಪ್ರವಾಸಿಗರಿಗೆ ಮನೆ, ಕೋಣೆ ಕೊಡಿಸುವ ಏರ್‌ಬಿಎನ್‌ಬಿ ಶುರುವಾದದ್ದು ಇಬ್ಬರು ಡಿಸೈನರ್‌ಗಳಿಂದ, ಆದರೆ ಬೇಗನೆ ನೇಥನ್ ಬ್ಲೆಚಾರ್ಜಿಕ್ ಅನ್ನುವ ಎಂಜಿನಿಯರ್ ಜೊತೆಯಾದರು. ಅಂದರೆ ಹಾಳೆ ಸಾಲದೆ ಹೋದ ದಿನ ಬರೆಯುವ ಕೈ ಅವರ ಮನೆಯಲ್ಲೇ ಇತ್ತು. ಲೆನ್ಸ್‌ಪೆಟ್ಟಿಗೆಯವರಿಗೆ ಅದಿಲ್ಲ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ.

ನೇರಮಾತು

ಒಪ್ಪಿದೆ. ಆದರೆ ಅದನ್ನೇ ತಿರುಗಿಸಿ ನೋಡಿ. ಕೋಡ್ ಬರುತ್ತಿದ್ದವರೇ ಮೊದಲು ಕೋಡ್ ಬರೆಯಲಿಲ್ಲ, ಅಲ್ವಾ? ಬರೆಯುವ ಶಕ್ತಿ ಇದ್ದೂ ಪಿಡಿಎಫ್ ಹಾಕಿದರು. ಬರದವರು ಇನ್ನೂ ಯಾಕೆ ಆತುರಪಡಬೇಕು?

ಹಳೇಕೋಡು

ಇಬ್ಬರೂ ಸರಿ. ನಾನು ಸೇರಿಸುವುದು ಇಷ್ಟು. ಕೋಡ್ ಬಾರದ ಸ್ಥಾಪಕರಿಗೆ ಹಾಳೆಯಲ್ಲಿ ಕಳೆದ ಸಮಯ ಇನ್ನೊಂದು ಕೆಲಸ ಮಾಡುತ್ತದೆ. ಮುಂದೆ ಒಬ್ಬ ಡೆವಲಪರ್ ಸಿಕ್ಕಾಗ ಕೊಡಲು ಅವರ ಕೈಯಲ್ಲಿ ಸ್ಪಷ್ಟವಾದ ಚಿತ್ರ ಇರುತ್ತದೆ. "ಬಾಡಿಗೆ ಸಾಫ್ಟ್‌ವೇರ್ ಬೇಕು" ಅಂತ ಬರುವವರಿಗೂ, "ಇದು ನಮ್ಮ ಹಾಳೆ, ಇವು ಕಾಲಂಗಳು, ಇಲ್ಲಿ ಜನ ದಿನಾ ತಪ್ಪು ಮಾಡುತ್ತಾರೆ, ಇದನ್ನು ಮಾತ್ರ ಕಟ್ಟಿಕೊಡಿ" ಅಂತ ಬರುವವರಿಗೂ ನಾನು ಹೇಳುವ ಮೊತ್ತವೇ ಬೇರೆ. ಮೊದಲನೆಯವರಿಗೆ ಹೇಳುವ ಮೊತ್ತದಲ್ಲಿ ಅರ್ಧ ನನ್ನ ಭಯದ ಬೆಲೆ, ಅವರು ನಡುವೆ ಏನು ಬದಲಾಯಿಸುತ್ತಾರೋ ಅಂತ.

ಗಟ್ಟಿಹೊಲಿಗೆ

ಸ್ವಲ್ಪ ವಿರೋಧ ಹೇಳುತ್ತೇನೆ. "ಬೇಗ ಬಿಡಿ, ಹೇಗಿದ್ದರೂ ಸರಿ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬಾಡಿಗೆಯವರು ಸಾಫ್ಟ್‌ವೇರ್ ಪ್ರಯೋಗ ಮಾಡಲು ಕೂತವರಲ್ಲ, ಅವರಿಗೆ ಕೌಂಟರ್‌ನಲ್ಲಿ ಸಾಲು ಇದೆ. ಒಂದು ಸಲ ಫೋಟೋ ಕಳೆದುಹೋದರೆ ಮುಗಿಯಿತು, ನೋಟ್‌ಬುಕ್ಕಿಗೆ ವಾಪಸ್ ಹೋಗುತ್ತಾರೆ. ನೀವು ಇನ್ನೊಂದು ವರ್ಷ ಹಿಂದೆ ಬಿದ್ದರೂ ಬರುವುದಿಲ್ಲ.

ಟೇಬಲ್‌ಸಾಲು

@ಗಟ್ಟಿಹೊಲಿಗೆ ಇಲ್ಲಿ ಯಾರೂ ಹರಕು ಮುರುಕು ಬಿಡಿ ಅಂದಿಲ್ಲ. ಅಗಲ ಕಡಿಮೆ ಮಾಡಿ ಅಂದದ್ದು, ಆಳ ಅಲ್ಲ. ವರದಿ ಇಲ್ಲದಿರಬಹುದು, ಲೋಗೋ ಇಲ್ಲದಿರಬಹುದು. ಆದರೆ ತೆಗೆದ ಫೋಟೋ ಉಳಿಯಲೇಬೇಕು, ಸರಿಯಾದ ಲೆನ್ಸ್‌ಗೇ ಸೇರಬೇಕು, ಗ್ರಾಹಕರಿಗೆ ತಲುಪಲೇಬೇಕು. ಆ ಒಂದು ದಾರಿಯನ್ನು ಇಂಟರ್ನೆಟ್ ನಿಧಾನ ಇರುವ ಜಾಗದಲ್ಲಿ, ಹಳೆ ಫೋನಿನಲ್ಲಿ, ಆತುರದಲ್ಲಿ, ಹತ್ತಾರು ಸಲ ಪರೀಕ್ಷೆ ಮಾಡಿ. ಐಫೋನ್‌ನಲ್ಲಿ ತೆಗೆದ ಫೋಟೋ ಎಚ್‌ಇಐಸಿ ಫಾರ್ಮ್ಯಾಟ್‌ನಲ್ಲಿ ಬಂದರೆ ಎಲ್ಲ ಬ್ರೌಸರ್‌ಗಳಲ್ಲೂ ತೆರೆಯುವುದಿಲ್ಲ, ಅದನ್ನೂ ನೋಡಿ. ಸಮಯದ ವಿಷಯಕ್ಕೆ ಫೋಟೋದೊಳಗಿನ ದಿನಾಂಕವನ್ನು ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು. ಫಾರ್ಮ್ ಸರ್ವರ್‌ಗೆ ಬಂದು ಸೇರಿದ ಸಮಯ ಇಟ್ಟುಕೊಳ್ಳಿ.

ಗಟ್ಟಿಹೊಲಿಗೆ

ಹೀಗಾದರೆ ನನ್ನ ತಕರಾರಿಲ್ಲ. ಮೇಲ್ ತಲುಪುವುದರ ಬಗ್ಗೆ ಒಂದು ಮಾತು. ಸ್ವಂತ ಡೊಮೇನ್‌ನಿಂದ ಮೇಲ್ ಕಳಿಸುವುದಾದರೆ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆ (ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನದೇ ಅಂತ ತೋರಿಸುವ ಸೆಟ್ಟಿಂಗ್‌ಗಳು) ಹಾಕಿಸಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇಬ್ಬರೂ ಈ ವಿಷಯದಲ್ಲಿ ಬಿಗಿ ಮಾಡಿದ್ದಾರೆ. ಹಾಕದಿದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗಬಹುದು, ವಾಪಸ್ಸೇ ಬರಬಹುದು. ಡೊಮೇನ್ ಕೊಂಡ ಕಡೆಯೇ ಸೆಟ್ಟಿಂಗ್ ಇರುತ್ತದೆ, ಮೇಲ್ ಸೇವೆಯವರು ಏನು ಅಂಟಿಸಬೇಕು ಅಂತ ಕೊಡುತ್ತಾರೆ. ಕೋಡ್ ಬೇಕಿಲ್ಲ.

ಲೆನ್ಸ್‌ಪೆಟ್ಟಿಗೆ

ಎಲ್ಲರಿಗೂ ಥ್ಯಾಂಕ್ಸ್, ತುಂಬಾ ಸ್ಪಷ್ಟ ಆಗುತ್ತಿದೆ. ಮೂರು ಪ್ರಶ್ನೆ ಉಳಿದಿವೆ.

ಬುಕಿಂಗ್ ಕ್ಯಾಲೆಂಡರ್ ಇಲ್ಲದೆ ಯಾರಾದರೂ ಹಣ ಕೊಡುತ್ತಾರಾ? ಎಲ್ಲರೂ ಅದನ್ನೂ ಕೇಳುತ್ತಾರೆ. ಆ್ಯಪ್ ಸ್ಟೋರ್‌ನಲ್ಲಿ ಇಲ್ಲದಿದ್ದರೆ ನಂಬುತ್ತಾರಾ? ಮತ್ತೆ ಎಐ ಟೂಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಿನ್ನೆ ಒಂದರಲ್ಲಿ ಸುಮ್ನೆ ಮಾಡಿ ನೋಡಿದೆ. ಲಾಗಿನ್, ಲೆನ್ಸ್ ಪಟ್ಟಿ, ಫೋಟೋ ಎಲ್ಲ ಬಂತು, ನೋಡಲು ಬಹಳ ಚೆಂದ ಇದೆ. ಅದನ್ನೇ ಕೊಟ್ಟುಬಿಡಬಹುದಲ್ಲ?

ಹಳೇಕೋಡು

ಕ್ಯಾಲೆಂಡರ್ ಬಗ್ಗೆ. ನೋಡಲು ಸುಲಭ, ಒಳಗೆ ಕಷ್ಟ. ಇಬ್ಬರು ಸಿಬ್ಬಂದಿ ಒಂದೇ ಹೊತ್ತಿಗೆ ತೆರೆದರು ಅನ್ನಿ. ಇಬ್ಬರಿಗೂ ಶನಿವಾರ ಲೆನ್ಸ್ ಖಾಲಿ ಕಾಣುತ್ತದೆ, ಇಬ್ಬರೂ ಕೊಟ್ಟುಬಿಡುತ್ತಾರೆ. ಹಾಳೆಯಲ್ಲಿ ಇದನ್ನು ಖಚಿತವಾಗಿ ತಡೆಯುವ ದಾರಿ ಇಲ್ಲ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ನಲ್ಲಿ ಒಂದೇ ವಸ್ತುವಿನ ಎರಡು ಬುಕಿಂಗ್‌ಗಳ ದಿನಾಂಕ ಒಂದರ ಮೇಲೊಂದು ಬೀಳದಂತೆ ನಿಯಮ ಹಾಕಬಹುದು, ಆದರೆ ಅದು ಗೊತ್ತಿದ್ದವರು ಹಾಕಬೇಕು. ಅದರ ಮೇಲೆ ತಡವಾಗಿ ವಾಪಸ್ ಬಂದರೆ ಏನು, ಕಿಟ್‌ನಲ್ಲಿ ಒಂದು ತುಂಡು ಮಾತ್ರ ಬಂದರೆ ಏನು, ಅಂತ ಬೆಳೆಯುತ್ತಲೇ ಹೋಗುತ್ತದೆ. ಫೋಟೋ ದಾಖಲೆಗೆ ಇದ್ಯಾವುದೂ ಬೇಡ, ಅದು ಈಗಿರುವ ನೋಟ್‌ಬುಕ್ ಪಕ್ಕದಲ್ಲೇ ಕೂರುತ್ತದೆ. ಬುಕಿಂಗ್ ನೋಟ್‌ಬುಕ್‌ನಲ್ಲೇ ಇರಲಿ.

ಹಣ ಕೊಡುತ್ತಾರಾ ಅನ್ನುವುದಕ್ಕೆ ಕೇಳಿ ನೋಡುವುದು ಬಿಟ್ಟರೆ ದಾರಿ ಇಲ್ಲ. ಮೊದಲ ದಿನದಿಂದಲೇ ಕೇಳಿ. ಪಾವತಿಗೂ ಏನೂ ಕಟ್ಟಬೇಡಿ, ಯಾವುದಾದರೂ ಪಾವತಿ ಸೇವೆಯ ಲಿಂಕ್ ಕಳಿಸಿ ಸಾಕು. ಫ್ರೀ ಕೊಟ್ಟರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ, ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಸಣ್ಣ ಮೊತ್ತ ಆದರೂ ಕೊಟ್ಟವರು ಮಾರನೇ ದಿನವೇ ಫೋನ್ ಮಾಡಿ ಏನು ಸರಿ ಇಲ್ಲ ಅಂತ ಹೇಳುತ್ತಾರೆ. ನಿಮಗೆ ಬೇಕಾದದ್ದು ಆ ಫೋನ್.

ರಾತ್ರಿಪಾಳಿ

ಆ್ಯಪ್ ಸ್ಟೋರ್ ವಿಷಯ: ಈಗ ಬೇಡ. ಗೂಗಲ್ ಪ್ಲೇನಲ್ಲಿ 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆ ಆದರೆ, ಆ್ಯಪ್ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದ ಕೆಲವರಿಗೆ ಮಾತ್ರ ತೆರೆದ ಪರೀಕ್ಷೆ) ಇರಬೇಕು. ಮೊದಲು 20 ಜನ ಅಂತ ಇತ್ತು, ಆಮೇಲೆ ಇಳಿಸಿದರು. ಆಪಲ್ ಕಡೆ, ವೆಬ್‌ಸೈಟನ್ನೇ ಒಂದು ಚೌಕಟ್ಟಿನಲ್ಲಿ ಹಾಕಿ ಕಳಿಸಿದರೆ ತಿರಸ್ಕರಿಸುವ ನಿಯಮವೇ ಇದೆ. ಪ್ರತಿ ಬದಲಾವಣೆಗೂ ಮತ್ತೆ ರಿವ್ಯೂ. ಮೊದಲ ವಾರಗಳಲ್ಲಿ ನೀವು ದಿನಾ ಬದಲಾಯಿಸುತ್ತೀರಿ, ಈ ಕಾಯುವಿಕೆ ನಿಮ್ಮ ಕಾಲು ಕಟ್ಟುತ್ತದೆ. ವೆಬ್ ಪುಟ ಮಾಡಿ, ಫೋನಿನ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಡಿ. ನಿಮ್ಮ ವಿಷಯದಲ್ಲಂತೂ ಪೆಟ್ಟಿಗೆ ಮೇಲಿನ ಕ್ಯುಆರ್ ಇದ್ದಮೇಲೆ ಐಕಾನ್ ಕೂಡ ಬೇಕಿಲ್ಲ.

ಬೀಗದಕೈ

ಎಐ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಭದ್ರತೆ ನೋಡುವುದೇ ನನ್ನ ಕೆಲಸ.

ಎಐಗೆ ಮಾತಿನಲ್ಲಿ ಹೇಳಿ ಕೋಡ್ ಬರೆಸುವುದಕ್ಕೆ ಎಐ ಸಂಶೋಧಕ ಆಂಡ್ರೇ ಕರ್ಪಾಥಿ 2025ರ ಫೆಬ್ರವರಿಯಲ್ಲಿ ವೈಬ್ ಕೋಡಿಂಗ್ ಅಂತ ಹೆಸರಿಟ್ಟ ಮೇಲೆ ಎಲ್ಲರ ಬಾಯಲ್ಲೂ ಅದೇ. ಮಾದರಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ನಿಜವಾಗಿಯೂ ಖುಷಿಯ ವಿಷಯ. ನಾಲ್ಕು ಜನ ಬಾಡಿಗೆಯವರ ಮುಂದೆ ಇಟ್ಟು "ಇಲ್ಲಿ ಏನು ಒತ್ತುತ್ತೀರಿ?" ಅಂತ ನೋಡಲು ಬಳಸಿ. ಆದರೆ ನಿಜವಾದ ಗ್ರಾಹಕರ ಹೆಸರು, ಇಮೇಲ್ ಒಳಗೆ ಬರುವ ಮೊದಲು ನಿಲ್ಲಿ. ನೀವೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ, ಕೋಡ್ ಓದಲು ಬರಬೇಕಿಲ್ಲ.

ಎರಡು ಬೇರೆ ಖಾತೆ ಮಾಡಿ, ಒಂದು ಮಾಮೂಲಿ ಬ್ರೌಸರ್‌ನಲ್ಲಿ, ಇನ್ನೊಂದು ಪ್ರೈವೇಟ್ ವಿಂಡೋದಲ್ಲಿ. ಮೊದಲ ಖಾತೆಯಲ್ಲಿ ಒಂದು ಲೆನ್ಸ್ ದಾಖಲೆ ಸೇರಿಸಿ, ತೆರೆಯಿರಿ. ಮೇಲೆ ವಿಳಾಸದ ಪಟ್ಟಿಯಲ್ಲಿ ಕೊನೆಗೆ 41 ಅಂತ ಏನೋ ಇರುತ್ತದೆ. ಆ ವಿಳಾಸವನ್ನು ಹಾಗೇ ಎರಡನೇ ಖಾತೆಯಲ್ಲಿ ಅಂಟಿಸಿ. ತೆರೆದರೆ, ನಿಮ್ಮ ಒಬ್ಬ ಬಾಡಿಗೆಯವರ ದಾಖಲೆ ಇನ್ನೊಬ್ಬರಿಗೆ ಕಾಣುತ್ತದೆ ಅಂತ ಅರ್ಥ. 41ನ್ನು 40 ಮಾಡಿ ನೋಡಿ, 39 ಮಾಡಿ ನೋಡಿ. ಲಾಗ್ ಔಟ್ ಆಗಿಯೂ ನೋಡಿ. ಲಾಗಿನ್ ಪುಟ ಇದ್ದಮಾತ್ರಕ್ಕೆ ಒಳಗೆ ಬೀಗ ಇದೆ ಅಂತಲ್ಲ. ಲಾಗಿನ್ ನೀವು ಯಾರು ಅಂತ ಕೇಳುತ್ತದೆ. ಈ ದಾಖಲೆ ನಿಮ್ಮದಾ ಅಂತ ಕೇಳುವುದು ಬೇರೆಯೇ ಕೆಲಸ, ಅದನ್ನು ಬಿಟ್ಟಿರುವುದು ನನಗೆ ಮತ್ತೆ ಮತ್ತೆ ಸಿಗುತ್ತದೆ.

ಒಳಗೆ ಸುಪಾಬೇಸ್ (ಒಂದು ಡೇಟಾಬೇಸ್ ಸೇವೆ) ಇದ್ದರೆ ಪ್ರತಿ ಟೇಬಲ್‌ಗೂ ರೋ ಲೆವೆಲ್ ಸೆಕ್ಯುರಿಟಿ (ಯಾವ ಸಾಲು ಯಾರಿಗೆ ಕಾಣಬೇಕು ಅನ್ನುವ ನಿಯಮ) ಆನ್ ಆಗಿದೆಯಾ, ನಿಯಮ ಸರಿ ಇದೆಯಾ ನೋಡಬೇಕು. ಅಲ್ಲಿ ಬ್ರೌಸರ್‌ಗೆ ಹೋಗುವ ಕೀ (ಡೇಟಾಬೇಸ್ ಸಂಪರ್ಕಿಸಲು ಬಳಸುವ ಸಂಕೇತ) ಎಲ್ಲರಿಗೂ ಕಾಣುವುದೇ, ಅದು ತಪ್ಪಲ್ಲ. ಕಾಯುವುದು ಈ ನಿಯಮಗಳು. ಅವು ಇಲ್ಲದಿದ್ದರೆ ಆ ಕೀ ಹಿಡಿದು ಯಾರು ಬೇಕಾದರೂ ಪೂರ್ತಿ ಟೇಬಲ್ ಓದಬಹುದು. ಪಾವತಿ ಸೇವೆಯ ಸೀಕ್ರೆಟ್ ಕೀ ಮಾತ್ರ ಯಾವ ಕಾರಣಕ್ಕೂ ಬ್ರೌಸರ್‌ಗೆ ಹೋಗಬಾರದು.

ಇನ್ನೊಂದು. ಪರೀಕ್ಷೆಯ ಡೇಟಾಬೇಸ್ ಬೇರೆ, ನಿಜವಾದದ್ದು ಬೇರೆ ಇಡಿ. ಎಐಗೆ ನಿಜವಾದದ್ದರ ಪಾಸ್‌ವರ್ಡ್ ಕೊಡಬೇಡಿ. ಸರಿಯಾಗಿ ನಡೆಯುತ್ತಿರುವ ಪ್ರತಿ ಹಂತವನ್ನೂ ಗಿಟ್‌ನಲ್ಲಿ (ಕೋಡಿನ ಹಳೆ ಆವೃತ್ತಿಗಳನ್ನು ಇಟ್ಟುಕೊಳ್ಳುವ ಟೂಲ್) ಉಳಿಸಿ, ಇಲ್ಲದಿದ್ದರೆ ಒಂದು ಬಟನ್ ಬಣ್ಣ ಬದಲಿಸಲು ಹೇಳಿದಾಗ ಫೋಟೋ ಅಪ್‌ಲೋಡ್ ಕೆಟ್ಟುಹೋದರೆ ವಾಪಸ್ ಬರುವ ದಾರಿ ಇರುವುದಿಲ್ಲ.

ಲೆನ್ಸ್‌ಪೆಟ್ಟಿಗೆ

@ಬೀಗದಕೈ ಮಾಡಿ ನೋಡಿದೆ. ಎರಡನೇ ಖಾತೆಯಲ್ಲಿ ಮೊದಲನೇ ಖಾತೆಯ ಲೆನ್ಸ್ ಪೂರ್ತಿ ತೆರೆಯಿತು. ಫೋಟೋ, ಗ್ರಾಹಕರ ಇಮೇಲ್ ಎಲ್ಲ. ಒಳಗೆ ಇದ್ದದ್ದು ನನ್ನದೇ ಸುಳ್ಳು ಡೇಟಾ, ಆದರೂ ಬೆಚ್ಚಿಬಿದ್ದೆ.

ಬೀಗದಕೈ

ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು. ಅದನ್ನು ಮಾದರಿ ಅಂತಲೇ ಇಟ್ಟುಕೊಳ್ಳಿ. ಹೊರಗೆ ಕೊಡುವುದು ಟೇಬಲ್‌ಸಾಲು ಹೇಳಿದ ಫಾರ್ಮ್ ಇರಲಿ. ಅಲ್ಲಿ ಬಾಡಿಗೆಯವರು ಲಾಗಿನ್ ಆಗುವುದೇ ಇಲ್ಲ, ಹಾಳೆ ನಿಮ್ಮ ಹತ್ತಿರ ಮಾತ್ರ. ಹಾಗಾಗಿ ಈ ತೂತು ಹುಟ್ಟುವುದೇ ಇಲ್ಲ. ಗ್ರಾಹಕರು "ನನ್ನ ಮಾಹಿತಿ ಅಳಿಸಿ" ಅಂದರೆ ಯಾವ ಸಾಲು, ಯಾವ ಫೋಟೋ ಅಳಿಸಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ನೂಲೆಳೆ

ಡೆವಲಪರ್ ಹಿಡಿಯುವ ದಿನ ಬಂದಾಗ ಬೇಕಾಗುವ ಮಾತು ಈಗಲೇ ಹೇಳಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದರೆ ತಡ.

ಡೊಮೇನ್, ಹೋಸ್ಟಿಂಗ್, ಕೋಡ್ ಇರುವ ಗಿಟ್‌ಹಬ್, ಮೇಲ್ ಸೇವೆ, ಪಾವತಿ ಸೇವೆ, ಎಲ್ಲ ಖಾತೆಯನ್ನೂ ನಿಮ್ಮ ಇಮೇಲ್‌ನಲ್ಲಿ ನೀವೇ ತೆರೆಯಿರಿ. ಅವರನ್ನು ಒಳಗೆ ಸೇರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ವರ್ಗಾಯಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಬರೆದ ಕೋಡ್ ನಿಮ್ಮದು ಅಂತ ಒಪ್ಪಂದದಲ್ಲಿ ಬರೆಸಿ. ಹಲವು ದೇಶಗಳ ಕಾನೂನಿನಲ್ಲಿ, ಹಾಗೆ ಬರೆಯದಿದ್ದರೆ ಹೊರಗಿನವರು ಬರೆದ ಕೋಡ್ ಅವರದ್ದೇ ಆಗಿ ಉಳಿಯಬಹುದು, ನೀವು ಹಣ ಕೊಟ್ಟಿದ್ದರೂ. ಹಣ ಒಟ್ಟಿಗೆ ಕೊಡಬೇಡಿ, ವಾರ ವಾರ ನಡೆಯುವ ವಸ್ತು ನಿಮ್ಮ ಫೋನಿನಲ್ಲಿ ತೆರೆದು ನೋಡಿ ಕೊಡಿ. ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ.

ಪಾರ್ಟ್ನರ್ ಸೇರಿಸಿಕೊಳ್ಳುವುದಾದರೆ ಪಾಲನ್ನು ಒಂದೇ ದಿನ ಬರೆದುಕೊಡಬೇಡಿ. 4 ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಸಿಗುವುದು, ಮೊದಲ 1 ವರ್ಷ ಮುಗಿಯುವ ಮೊದಲು ಬಿಟ್ಟುಹೋದರೆ ಏನೂ ಇಲ್ಲ, ಇದು ಸ್ಟಾರ್ಟಪ್‌ಗಳಲ್ಲಿ ನಡೆದುಬಂದ ಪದ್ಧತಿ. ಅದು ನಿಮಗೂ ಅನ್ವಯಿಸಲಿ, ಆಗ ಕೇಳಲು ಸಂಕೋಚ ಇರುವುದಿಲ್ಲ.

ನೋ-ಕೋಡ್ ಕಡೆ ಹೋಗುವುದಾದರೆ ಹೊರಬರುವ ಬಾಗಿಲು ಎಲ್ಲಿದೆ ಅಂತ ಮೊದಲು ನೋಡಿ. ಬಬಲ್ ಅನ್ನುವ ನೋ-ಕೋಡ್ ಟೂಲ್‌ನಲ್ಲಿ ಕಟ್ಟಿದ್ದನ್ನು ಕೋಡ್ ಆಗಿ ಹೊರಗೆ ತೆಗೆಯಲು ಆಗುವುದಿಲ್ಲ, ಡೇಟಾ ಮಾತ್ರ ತೆಗೆಯಬಹುದು. ಫ್ಲಟರ್‌ಫ್ಲೋನಲ್ಲಿ ಹಣ ಕೊಡುವ ಯೋಜನೆಗಳಲ್ಲಿ ಕೋಡ್ ಇಳಿಸಿಕೊಳ್ಳಬಹುದು. ಬಬಲ್ ಕೆಟ್ಟದು ಅಂತಲ್ಲ, ಮುಂದೆ ಒಂದು ದಿನ ಎಲ್ಲ ಹೊಸದಾಗಿ ಬರೆಸಬೇಕಾದೀತು ಅಂತ ಗೊತ್ತಿದ್ದು ಹೋಗಿ.

ಸಣ್ಣಅಕ್ಷರ

ಒಳ್ಳೆಯ ಚರ್ಚೆ. ಹಾಗಾದರೆ ಹಾಳೆ ಬಿಟ್ಟು ನಿಜವಾದ ಸಾಫ್ಟ್‌ವೇರ್‌ಗೆ ಯಾವಾಗ ಹೋಗಬೇಕು? ಇದಕ್ಕೆ ಯಾರೂ ನೇರವಾಗಿ ಹೇಳಿಲ್ಲ.

ರಾತ್ರಿಪಾಳಿ

ಹಣ ಕೊಡುವವರು ಇದ್ದು, ಅವರ ಕೆಲಸ ಮಾಡಿಕೊಡಲು ನಿಮ್ಮ ಸಂಜೆ ಸಾಲದೆ ಹೋದಾಗ. ಒಂದೇ ಕೈಕೆಲಸ ದಿನಾ ಅದೇ ರೀತಿ ಬರುತ್ತಿದ್ದರೆ ಅದನ್ನು ಮೊದಲು ಆಟೋಮೇಟ್ ಮಾಡಿ, ಅದೊಂದನ್ನೇ. ಬಾಡಿಗೆಯವರೇ "ನನ್ನ ದಾಖಲೆ ನಾನೇ ಹುಡುಕಬೇಕು" ಅಂತ ಬೆನ್ನು ಹತ್ತಿದರೆ ಆಗ ಲಾಗಿನ್ ಬೇಕು, ಆಗ ಡೇಟಾಬೇಸ್ ಬೇಕು, ಆಗ ಬೀಗದಕೈಯವರ ಪರೀಕ್ಷೆಯೂ ಬೇಕು. ನೂರು ಜನ ಬರುತ್ತಾರೆ ಅಂತ ಊಹಿಸಿ ಈಗ ಹೋಗಬೇಡಿ.

ಲೆನ್ಸ್‌ಪೆಟ್ಟಿಗೆ

ಟ್ಯಾಲಿಯಲ್ಲಿ ಫಾರ್ಮ್ ಮಾಡಿದ್ದೇನೆ. ಇಬ್ಬರು ಬಾಡಿಗೆಯವರು ಒಪ್ಪಿದ್ದಾರೆ, ಒಬ್ಬರು ಮೊದಲ ತಿಂಗಳ ಹಣವನ್ನೂ ಕೊಟ್ಟರು. ಇನ್ನೊಬ್ಬರು "ಎಲ್ಲ ಸಾಮಾನಿಗೂ ಬೇಡ, ದುಬಾರಿ ಲೆನ್ಸ್‌ಗಳಿಗೆ ಮಾತ್ರ" ಅಂದರು. ಒಂದು ಅನುಮಾನ: ಮೌಂಟ್ ಫೋಟೋ ತೆಗೆಯಲು ಹುಡುಗರು ಬೇಸರ ಮಾಡುತ್ತಾರೆ. ನಾಲ್ಕರಿಂದ ಮೂರು ಮಾಡಲಾ?

ಟೇಬಲ್‌ಸಾಲು

ದುಬಾರಿ ಲೆನ್ಸ್‌ಗೆ ಮಾತ್ರ ಅಂದದ್ದು ಒಳ್ಳೆಯ ಸುದ್ದಿ, ಹಾಗೇ ಮಾಡಿ. ಮೌಂಟ್ ಫೋಟೋವನ್ನು ಕಡ್ಡಾಯದಿಂದ ತೆಗೆಯಿರಿ, ಫಾರ್ಮ್‌ನಲ್ಲಿ ಜಾಗ ಹಾಗೇ ಇರಲಿ. ಸೀರಿಯಲ್ ನಂಬರ್ ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ಉಳಿದ ಫೋಟೋ ಯಾವ ಲೆನ್ಸಿನದು ಅಂತ ಹೇಳಲು ಆಗುವುದಿಲ್ಲ. ಮೌಂಟ್ ಬಗ್ಗೆ ಒಂದು ಜಗಳ ಬಂದರೆ ಹುಡುಗರೇ ತೆಗೆಯಲು ಶುರು ಮಾಡುತ್ತಾರೆ. ಫಾರ್ಮ್ ಲಿಂಕ್ ಮೆಸೇಜ್ ಮಾಡಿ, ಹಳೆ ಆಂಡ್ರಾಯ್ಡ್ ಒಂದು ಇದೆ, ಅದರಲ್ಲಿ ತುಂಬಿ ನೋಡುತ್ತೇನೆ.